ಬಾಬಿ ಓರ್: ಹನ್ನೆರಡು ಸೀಸನ್, ಒಂದು ಮೊಣಕಾಲು, ಒಬ್ಬ ಏಜೆಂಟ್

ಐಸ್ ಹಾಕಿಯ ನಿವೃತ್ತ ಆಟಗಾರ ಬಾಬಿ ಓರ್ ಕುರಿತು ಬಂದ ಪ್ರಶ್ನೆಗಳಿಗೆ ಈ ಸಲದ ‘ಕೇಳಿ ನೋಡಿ’ ಪುಟಗಳು ಮೀಸಲು. ಗೊತ್ತಿಲ್ಲದವರಿಗಾಗಿ ಎರಡು ಸಾಲು: ಓರ್ ಹುಟ್ಟಿದ್ದು 1948ರ ಮಾರ್ಚ್ 20ರಂದು, ಕೆನಡಾದ ಒಂಟಾರಿಯೊ ಪ್ರಾಂತ್ಯದ ಪ್ಯಾರಿ ಸೌಂಡ್ ಎಂಬ ಸಣ್ಣ ಊರಿನಲ್ಲಿ. ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗಿನಲ್ಲಿ 1966ರಿಂದ ಬಾಸ್ಟನ್ ಬ್ರೂಯಿನ್ಸ್ ತಂಡಕ್ಕೂ, ಕೊನೆಗೆ ಶಿಕಾಗೊ ಬ್ಲ್ಯಾಕ್ ಹಾಕ್ಸ್ ತಂಡಕ್ಕೂ ಆಡಿ, 30ನೇ ವಯಸ್ಸಿಗೇ ಸ್ಕೇಟ್ಸ್ ಬಿಚ್ಚಿಟ್ಟರು.

ಪ್ರಶ್ನೆ: ನಮ್ಮ ಕೊಡಗಿನ ಹಾಕಿಯಲ್ಲಿ ಫುಲ್ ಬ್ಯಾಕ್ ಗೋಲು ಹೊಡೆದರೆ ಸಾಮಾನ್ಯವಾಗಿ ಅದು ಪೆನಾಲ್ಟಿ ಕಾರ್ನರಿನಲ್ಲಿ. ಓರ್ ಡಿಫೆಂಡರ್ ಆಗಿದ್ದುಕೊಂಡೇ ಇಡೀ ಲೀಗಿಗೆ ಅತಿ ಹೆಚ್ಚು ಅಂಕ ಗಳಿಸಿದರಂತೆ. ಅದು ಹೇಗೆ ಸಾಧ್ಯ? (ಓದುಗರು, ವಿರಾಜಪೇಟೆ)

ಮೊದಲು ಅಂಕದ ಲೆಕ್ಕ. ಐಸ್ ಹಾಕಿಯಲ್ಲಿ ಗೋಲು ಹೊಡೆದವರಿಗೆ ಒಂದು ಅಂಕ, ಆ ಗೋಲಿಗೆ ಪಾಸ್ ಕೊಟ್ಟವರಿಗೂ ಒಂದೊಂದು ಅಂಕ. ಒಂದು ಗೋಲಿಗೆ ಹೆಚ್ಚೆಂದರೆ ಎರಡು ಅಸಿಸ್ಟ್. 1969-70ರಲ್ಲಿ ಓರ್ 33 ಗೋಲು, 87 ಅಸಿಸ್ಟ್ ಸೇರಿ 120 ಅಂಕ ಗಳಿಸಿ ಲೀಗಿನಲ್ಲೇ ಮೊದಲಿಗರಾದರು. 1974-75ರಲ್ಲಿ 46 ಗೋಲು, 89 ಅಸಿಸ್ಟ್ ಪಡೆದು ಇನ್ನೊಮ್ಮೆ. ಅಂಕಗಳಲ್ಲಿ ಮೊದಲಿಗರಾದವರಿಗೆ ಕೊಡುವ ಆರ್ಟ್ ರಾಸ್ ಟ್ರೋಫಿಯನ್ನು ಬೇರೆ ಯಾವ ಡಿಫೆಂಡರೂ ಒಂದು ಸಲವೂ ಗೆದ್ದಿಲ್ಲ.

ಇನ್ನು ಹೇಗೆ ಎಂಬುದು. ಓರ್‌ಗಿಂತ ಮುಂಚೆ ಡಿಫೆಂಡರನ ಕೆಲಸ ಸರಳ: ತನ್ನ ಗೋಲಿನ ಹಿಂದೆ ಪಕ್ (ಚೆಂಡಿನ ಬದಲಿಗಿರುವ ರಬ್ಬರಿನ ಬಿಲ್ಲೆ) ಸಿಕ್ಕಿತೇ, ಫಾರ್ವರ್ಡ್‌ಗೆ ದಾಟಿಸು, ಹಿಂದೆ ನಿಲ್ಲು. ಓರ್ ಪಕ್ ಇಟ್ಟುಕೊಂಡೇ ಹೊರಟುಬಿಡುತ್ತಿದ್ದರು. ಇದರಲ್ಲಿ ಆಫ್‌ಸೈಡ್ ನಿಯಮದ ಲಾಭವಿದೆ. ಎದುರಾಳಿಯ ವಲಯ ಶುರುವಾಗುವ ನೀಲಿ ಗೆರೆಯನ್ನು ಪಕ್ ದಾಟುವ ಮೊದಲು ನಮ್ಮವರು ಯಾರೂ ದಾಟಕೂಡದು. ಪಾಸ್ ಕೊಟ್ಟು ದಾಟಿಸುವುದಾದರೆ ಫಾರ್ವರ್ಡ್‌ಗಳು ಗೆರೆಯ ಬಳಿ ಬ್ರೇಕ್ ಹಾಕಿ ಕಾಯಬೇಕಾಗುತ್ತದೆ, ವೇಗ ಸತ್ತುಹೋಗುತ್ತದೆ. ಓರ್ ತಾವೇ ಪಕ್ ಒಯ್ದು ದಾಟುತ್ತಿದ್ದರಿಂದ, ಆ ಕ್ಷಣ ಯಾವುದೆಂದು ಅವರದೇ ತೀರ್ಮಾನ. ಎರಡೂ ಬದಿಯವರು ಪೂರ್ತಿ ವೇಗದಲ್ಲೇ ಒಳನುಗ್ಗಬಹುದಿತ್ತು. ಎದುರಾಳಿ ಡಿಫೆಂಡರುಗಳು ಮೂವರನ್ನು ಎದುರಿಸಲು ಸಜ್ಜಾಗಿದ್ದರೆ ಬರುತ್ತಿದ್ದವರು ನಾಲ್ವರು.

ಇದರ ಅಪಾಯ ನಿಮಗೆ ಆಗಲೇ ಹೊಳೆದಿರುತ್ತದೆ. ಮಧ್ಯದಲ್ಲಿ ಪಕ್ ಕಳೆದುಕೊಂಡರೆ ಹಿಂದೆ ಉಳಿದಿರುವುದು ಒಬ್ಬನೇ ಡಿಫೆಂಡರ್. ಅದಕ್ಕಾಗಿ ಒಬ್ಬ ಫಾರ್ವರ್ಡ್ ತಕ್ಷಣ ಹಿಂದಕ್ಕೆ ಸರಿದು ಓರ್ ಬಿಟ್ಟ ಜಾಗ ತುಂಬಬೇಕು. ಅವನೂ ಮರೆತರೆ? ಆಗ ಓರ್ ಅವರೇ ಎಲ್ಲರಿಗಿಂತ ಮೊದಲು ವಾಪಸ್ ಬಂದಿರುತ್ತಿದ್ದರು. ಅವರನ್ನು ಅನುಕರಿಸಲು ಹೋಗಿ ಕೆಟ್ಟವರಿಗೆ ಬರದೇ ಇದ್ದದ್ದು ಈ ವಾಪಸಾತಿ. ಮುಂದೆ ಓಡುವುದು ಎಷ್ಟೋ ಜನಕ್ಕೆ ಬರುತ್ತದೆ.

ಅಂಕಣದ ಅಳತೆಯೂ ನೆರವಾಯಿತು. ಲೀಗಿನ ನಿಗದಿತ ರಿಂಕ್ 200 ಅಡಿ ಉದ್ದ, 85 ಅಡಿ ಅಗಲ. ಹಳೆಯ ಬಾಸ್ಟನ್ ಗಾರ್ಡನ್ನಿನದು 191ಕ್ಕೆ 83. ಇನ್ನೊಂದು ಮಾತು, ಇದು ಕೊಡಗಿನವರಿಗೆ ವಿಚಿತ್ರವೆನಿಸಬಹುದು: ಫೀಲ್ಡ್ ಹಾಕಿಯಲ್ಲಿ ಎಡಗೈ ಸ್ಟಿಕ್ ಎಂಬುದೇ ಇಲ್ಲ, ಚಪ್ಪಟೆ ಬದಿಯಿಂದಲೇ ಹೊಡೆಯಬೇಕು. ಐಸ್ ಹಾಕಿಯಲ್ಲಿ ಬ್ಲೇಡಿನ ಎರಡೂ ಮುಖ ಬಳಸಬಹುದು, ಎಡಗೈ ಬಲಗೈ ಎರಡೂ ಥರದ ಸ್ಟಿಕ್ ಉಂಟು. ಓರ್ ಎಡಗಡೆಯಿಂದ ಹೊಡೆಯುವವರು, ಆದರೆ ಆಡಿದ್ದು ಬಲಬದಿಯ ಡಿಫೆಂಡರ್ ಆಗಿ. ಹಾಗಾಗಿ ಅವರ ಸ್ಟಿಕ್ ಸದಾ ರಿಂಕಿನ ನಡುಭಾಗಕ್ಕೆ ತೆರೆದಿರುತ್ತಿತ್ತು. ಒಳಕ್ಕೆ ತಿರುಗಿ ಹೊಡೆಯಲು, ಪಾಸ್ ಕೊಡಲು ಅನುಕೂಲ. ತೊಂದರೆ ಎಂದರೆ, ಬಲಗೋಡೆಗುಂಟ ಜಾರಿಬರುವ ಪಕ್ಕನ್ನು ಬ್ಯಾಕ್‌ಹ್ಯಾಂಡಿನಲ್ಲಿ ತಡೆಯಬೇಕಾಗುತ್ತದೆ.

ಪ್ರಶ್ನೆ: ಓರ್ ಹೆಸರಿನ ಮುಂದೆ ‘+124’ ಎಂದು ಕಂಡೆ. ಏನದು? (ಓದುಗರು, ದಾವಣಗೆರೆ)

ಪ್ಲಸ್-ಮೈನಸ್ ಲೆಕ್ಕ. ನೀವು ಮಂಜಿನ ಮೇಲಿರುವಾಗ ನಿಮ್ಮ ತಂಡ ಗೋಲು ಹೊಡೆದರೆ +1, ನಿಮ್ಮ ಮೇಲೆ ಗೋಲಾದರೆ -1. ಎದುರಾಳಿ ಶಿಕ್ಷೆ ಅನುಭವಿಸುತ್ತಾ ಒಬ್ಬ ಕಡಿಮೆ ಇರುವಾಗ ನೀವು ಹೊಡೆದ ಪವರ್ ಪ್ಲೇ ಗೋಲು ಈ ಲೆಕ್ಕಕ್ಕೆ ಬರುವುದಿಲ್ಲ. 1970-71ರ 78 ಪಂದ್ಯಗಳಲ್ಲಿ ಓರ್ ಗಳಿಸಿದ್ದು +124, ಇಂದಿಗೂ ದಾಖಲೆ. ಅದೇ ಸೀಸನ್ನಿನ 139 ಅಂಕಗಳನ್ನೂ ಯಾವ ಡಿಫೆಂಡರೂ ದಾಟಿಲ್ಲ. 1985-86ರಲ್ಲಿ ಪಾಲ್ ಕಾಫಿ 138ಕ್ಕೆ ಬಂದು ನಿಂತರು.

ಒಂದು ಎಚ್ಚರಿಕೆ: ಈ ಅಂಕಿಯಲ್ಲಿ ತಂಡದ ಪಾಲೂ ಇದೆ. ಬಲಿಷ್ಠ ತಂಡದ ಸಾಧಾರಣ ಆಟಗಾರನಿಗೂ +30 ಬರಬಹುದು. ನೋಡಬೇಕಾದ್ದು ಅವನಿಗೂ ಅವನ ಜೊತೆಗಾರರಿಗೂ ಇರುವ ಅಂತರವನ್ನು.

ಪ್ರಶ್ನೆ: ಓರ್ ಗಾಳಿಯಲ್ಲಿ ಅಡ್ಡಡ್ಡ ಹಾರುತ್ತಿರುವ ಆ ಪ್ರಸಿದ್ಧ ಫೋಟೊ... ಹಾರಿ ಗೋಲು ಹೊಡೆದದ್ದೇ? (ಓದುಗರು, ಮಂಗಳೂರು)

ಅಲ್ಲ. ಗೋಲು ಮೊದಲು, ಹಾರಾಟ ಆಮೇಲೆ.

1970ರ ಮೇ 10, ಲೀಗಿನ ಚಾಂಪಿಯನ್ನರಿಗೆ ಕೊಡುವ ಸ್ಟ್ಯಾನ್ಲಿ ಕಪ್‌ನ ಫೈನಲ್ ಸರಣಿಯ ನಾಲ್ಕನೇ ಪಂದ್ಯ, ಎದುರಾಳಿ ಸೇಂಟ್ ಲೂಯಿಸ್ ಬ್ಲೂಸ್. 3-3 ಸಮವಾಗಿ ಓವರ್‌ಟೈಮ್ ಶುರುವಾಗಿ 40 ಸೆಕೆಂಡ್. ಬಲಗೋಡೆಯ ಬಳಿ ಪಕ್ ಎದುರಾಳಿಯ ವಲಯದಿಂದ ಹೊರಹೋಗುವುದರಲ್ಲಿತ್ತು. ಓರ್ ಮುಂದೆ ನುಗ್ಗಿ ಅದನ್ನು ತಡೆದರು. ಇದು ಜೂಜು: ಕೈತಪ್ಪಿದ್ದರೆ ಎದುರಾಳಿಗಳು ಖಾಲಿ ಮಂಜಿನಲ್ಲಿ ಬಾಸ್ಟನ್ ಗೋಲಿನ ಕಡೆ ಓಡುತ್ತಿದ್ದರು. ಸಿಕ್ಕ ಪಕ್ಕನ್ನು ಗೋಲಿನ ಹಿಂಬದಿಯಲ್ಲಿದ್ದ ಡೆರೆಕ್ ಸ್ಯಾಂಡರ್ಸನ್‌ಗೆ ಕೊಟ್ಟು, ನಿಲ್ಲದೆ ನೇರ ಗೋಲಿನ ಮುಂದಕ್ಕೆ ಬಂದರು. ಪಕ್ ಮರಳಿ ಬಂತು. ಗೋಲ್‌ಕೀಪರ್ ಗ್ಲೆನ್ ಹಾಲ್ ಒಂದು ಬದಿಯಿಂದ ಇನ್ನೊಂದಕ್ಕೆ ಸರಿಯುತ್ತಿದ್ದರು. ಹಾಗೆ ಸರಿಯುವಾಗ ಕಾಲುಗಳ ನಡುವೆ ಕಿಂಡಿ ಬಿಡುವುದನ್ನು ಎಂಥ ಕೀಪರೂ ತಪ್ಪಿಸಲಾರ. ಪಕ್ ಅಲ್ಲೇ ತೂರಿತು. ಅದಾದ ಮೇಲೆ ಡಿಫೆಂಡರ್ ನೊಯೆಲ್ ಪಿಕಾರ್ ಅವರ ಸ್ಟಿಕ್ ಓರ್ ಕಾಲಿಗೆ ಸಿಕ್ಕಿತು, ಓರ್ ಹಾರಿದರು. ಫೋಟೊದಲ್ಲಿ ಅವರ ಕೈಗಳು ಆಗಲೇ ಸಂಭ್ರಮಕ್ಕೆ ಎತ್ತಿರುವುದನ್ನು ಗಮನಿಸಿ. ಕ್ಲಿಕ್ಕಿಸಿದವರು ರೇ ಲೂಸಿಯೆ.

ಬಾಸ್ಟನ್‌ಗೆ ಅದು 1941ರ ನಂತರದ ಮೊದಲ ಕಪ್. 1972ರಲ್ಲಿ ಮತ್ತೆ ಗೆದ್ದಾಗಲೂ ಕಪ್ ನಿರ್ಧರಿಸಿದ ಗೋಲು ಓರ್ ಅವರದೇ.

ಪ್ರಶ್ನೆ: 14ನೇ ವಯಸ್ಸಿನ ಹುಡುಗನ ಜೊತೆ ವೃತ್ತಿಪರ ತಂಡ ಕರಾರು ಮಾಡಿಕೊಳ್ಳಬಹುದಿತ್ತೇ? (ಓದುಗರು, ಧಾರವಾಡ)

ಆಗ ಬಹುದಿತ್ತು. ಬ್ರೂಯಿನ್ಸ್ ತಂಡದವರ ಕಣ್ಣಿಗೆ ಓರ್ ಬಿದ್ದದ್ದು 1961ರಲ್ಲಿ, ಗ್ಯಾನನೋಕ್ವೆ ಎಂಬ ಊರಿನ ಮಕ್ಕಳ ಟೂರ್ನಿಯಲ್ಲಿ. ಮರುವರ್ಷ ‘ಸಿ-ಫಾರ್ಮ್’ಗೆ ಸಹಿ ಬಿತ್ತು. ಆ ಒಂದು ಹಾಳೆಯಿಂದ ಹುಡುಗನ ಮುಂದಿನ ವೃತ್ತಿಪರ ಆಟದ ಹಕ್ಕೆಲ್ಲ ಒಂದೇ ತಂಡಕ್ಕೆ. ಬದಲಿಗೆ ಮನೆಯವರಿಗೆ ಸಿಕ್ಕಿದ್ದು ಒಂದಿಷ್ಟು ನಗದು, ಒಂದು ಹಳೆಯ ಕಾರು, ಮನೆಯ ಹೊರಗೋಡೆಗೆ ಗಾರೆ.

ಈಗ ಆ ಫಾರ್ಮ್ ಇಲ್ಲ. 1963ರಲ್ಲಿ ಡ್ರಾಫ್ಟ್ ಶುರುವಾಗಿ, ಆ ದಶಕದ ಕೊನೆಗೆ ಹಳೆಯ ಪದ್ಧತಿ ಪೂರ್ತಿ ನಿಂತಿತು. ಈಗ 18 ತುಂಬಿದವರನ್ನು ತಂಡಗಳು ಸರದಿಯಲ್ಲಿ ಆಯ್ದುಕೊಳ್ಳುತ್ತವೆ; 18ರಿಂದ 21ರೊಳಗೆ ಸಹಿ ಮಾಡಿದರೆ ಮೊದಲ ಕರಾರು ಮೂರು ವರ್ಷದ್ದು, ಸಂಬಳಕ್ಕೆ ಮೇಲ್ಮಿತಿ ಇರುತ್ತದೆ.

ಪ್ರಶ್ನೆ: ನಾನು ಫಿಸಿಯೊಥೆರಪಿ ವಿದ್ಯಾರ್ಥಿನಿ. ಓರ್ ಅವರ ಮೊಣಕಾಲಿಗೆ ನಿಜವಾಗಿ ಆದದ್ದೇನು? ಇಂದಿನ ಚಿಕಿತ್ಸೆ ಇದ್ದಿದ್ದರೆ ಉಳಿಯುತ್ತಿತ್ತೇ? (ಓದುಗರು, ತುಮಕೂರು)

ಪೆಟ್ಟು ಮೊದಲ ಸೀಸನ್ನಿನಿಂದಲೇ ಶುರು. 1967-68ರಲ್ಲಿ ಆಡಿದ್ದು 46 ಪಂದ್ಯ ಮಾತ್ರ (ಆದರೂ ಅತ್ಯುತ್ತಮ ಡಿಫೆಂಡರಿಗೆ ಕೊಡುವ ನಾರಿಸ್ ಟ್ರೋಫಿ ಅವರಿಗೇ ಬಂತು, ಆ ವರ್ಷವೂ ಸೇರಿ ಸತತ ಎಂಟು ವರ್ಷ ಬಂತು). ಮುಖ್ಯ ಸಮಸ್ಯೆ ಎಡ ಮೊಣಕಾಲಿನದು. ಒಟ್ಟಾರೆ ಹನ್ನೆರಡಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದವು.

ಸ್ಕೇಟಿಂಗಿನಲ್ಲಿ ತಳ್ಳುವ ಕಾಲು ಬ್ಲೇಡಿನ ಒಳಅಂಚಿನ ಮೇಲೆ, ಮೊಣಕಾಲು ಚೆನ್ನಾಗಿ ಬಾಗಿಸಿ, ಹೊರಮುಖವಾಗಿ ತಿರುಗಿಸಿಕೊಂಡಿರುತ್ತದೆ. ಬ್ಲೇಡ್ ಮಂಜಿನಲ್ಲಿ ಕಚ್ಚಿ ನಿಂತಿರುವ ಆ ಗಳಿಗೆಯಲ್ಲಿ ಹೊರಗಡೆಯಿಂದ ಯಾರಾದರೂ ಡಿಕ್ಕಿ ಹೊಡೆದರೆ ಪಾದ ಜಾರುವುದಿಲ್ಲ, ತೊಡೆ ತಿರುಗುತ್ತದೆ. ಒಳಬದಿಯ ಲಿಗಮೆಂಟ್ (ಮೂಳೆಗಳನ್ನು ಬಿಗಿದಿಡುವ ಪಟ್ಟಿ), ಎಸಿಎಲ್ (ಮಂಡಿಯ ನಡುವಿನ ಅಂಥದೇ ಪಟ್ಟಿ), ಮೆನಿಸ್ಕಸ್ (ಮೂಳೆಗಳ ನಡುವಿನ ಮೆತ್ತೆ) ಎಲ್ಲದರ ಮೇಲೂ ಒಟ್ಟಿಗೆ ಎಳೆತ. ಇಬ್ಬರು ಎದುರಾಳಿಗಳ ನಡುವಿನ ಸಂದಿಯಲ್ಲಿ ನುಗ್ಗುವುದು ಓರ್ ಅವರ ಆಟದ ಶೈಲಿಯೇ ಆಗಿತ್ತು. ಅಂದರೆ ಇಂಥ ಡಿಕ್ಕಿಗೆ ತಾವೇ ದಾರಿ ಕೊಡುವ ಶೈಲಿ.

ಆ ಕಾಲದ ಚಿಕಿತ್ಸೆಯಲ್ಲಿ ಮಂಡಿಯನ್ನು ಕುಯ್ದು ತೆರೆದು, ಹರಿದ ಮೆನಿಸ್ಕಸ್ಸನ್ನು ಬಹುಪಾಲು ಪೂರ್ತಿ ತೆಗೆದುಹಾಕುತ್ತಿದ್ದರು. ಅದೊಂದು ಬೇಡವಾದ ಚೂರು ಎಂಬ ನಂಬಿಕೆ ಬಹಳ ಕಾಲ ಉಳಿದಿತ್ತು. ಹಾಗೆ ತೆಗೆದ ಮಂಡಿಗಳ ಎಕ್ಸ್‌ರೇಯಲ್ಲಿ ಸವಕಳಿಯ ಬದಲಾವಣೆಗಳು ಕಾಣುತ್ತವೆಂದು ಫೇರ್‌ಬ್ಯಾಂಕ್ 1948ರಲ್ಲೇ ಬರೆದಿದ್ದರು, ಅಂದರೆ ಓರ್ ಹುಟ್ಟಿದ ವರ್ಷ. ಶಸ್ತ್ರಚಿಕಿತ್ಸೆಯ ಕೊಠಡಿಗಳು ಆ ಮಾತಿಗೆ ಬೇಗ ಕಿವಿಗೊಡಲಿಲ್ಲ. ಮೆನಿಸ್ಕಸ್ ಭಾರ ಹಂಚುವ ಮೆತ್ತೆ. ಅದು ಹೋದರೆ ತೊಡೆಯ ಮೂಳೆಯ ಭಾರ ಕಾಲಿನ ಮೂಳೆಯ ಸಣ್ಣ ಜಾಗದ ಮೇಲೆ ಬೀಳುತ್ತದೆ, ಮೇಲಿನ ನುಣುಪು ಪದರ ಸವೆಯುತ್ತದೆ, ಚೂರುಗಳು ಕಳಚಿ ಕೀಲಿನೊಳಗೆ ತೇಲುತ್ತವೆ. ಆ ಚೂರು ಸಿಕ್ಕಿಹಾಕಿಕೊಂಡಾಗ ಮಂಡಿ ಲಾಕ್ ಆಗುತ್ತದೆ. ಅದನ್ನು ತೆಗೆಯಲು ಮತ್ತೆ ಶಸ್ತ್ರಚಿಕಿತ್ಸೆ, ಮತ್ತೆ ಪ್ಲಾಸ್ಟರ್, ಮತ್ತೆ ತೊಡೆಯ ಸ್ನಾಯು ಕೃಶ. ಸ್ನಾಯು ಕೃಶವಾದರೆ ಮಂಡಿಗೆ ಆಧಾರ ಇನ್ನೂ ಕಡಿಮೆ.

ವಿಪರ್ಯಾಸ ನೋಡಿ. ಟೋಕಿಯೊದಲ್ಲಿ ಮಸಾಕಿ ವಟನಾಬೆ ದೂರ್ಬೀನಿನಂಥ ನಳಿಗೆಯಿಂದ ಮಂಡಿಯೊಳಗಿನ ಮೆನಿಸ್ಕಸ್ಸಿನ ಹರಿದ ಭಾಗವನ್ನಷ್ಟೇ ತೆಗೆದದ್ದು 1962ರಲ್ಲಿ. ಅವರ ಬಳಿ ಕಲಿತು ಆರ್ತ್ರೊಸ್ಕೋಪಿ ಎಂಬ ಈ ನಳಿಗೆಯ ವಿಧಾನವನ್ನು ಉತ್ತರ ಅಮೆರಿಕಕ್ಕೆ ತಂದ ರಾಬರ್ಟ್ ಜಾಕ್ಸನ್ ಟೊರೊಂಟೊದವರೇ. ಆದರೆ ಅದು ಆಟಗಾರರ ಸಾಮಾನ್ಯ ಚಿಕಿತ್ಸೆಯಾಗುವಷ್ಟರಲ್ಲಿ ಓರ್ ಅವರ ಮಂಡಿಯಲ್ಲಿ ಉಳಿಸಲು ಹೆಚ್ಚೇನೂ ಉಳಿದಿರಲಿಲ್ಲ.

ಉಳಿಯುತ್ತಿತ್ತೇ ಎಂದರೆ, ಮೊದಲ ಗಾಯದ ಮಟ್ಟಿಗೆ ಹೌದು ಎಂದೇ ನಮ್ಮ ಅಂದಾಜು. ಈಗ ಒಂದು ಸೆಂಟಿಮೀಟರಿಗಿಂತ ಚಿಕ್ಕ ಎರಡು ಮೂರು ತೂತು ಸಾಕು. ರಕ್ತ ಹರಿಯುವ ಹೊರ ಅಂಚಿನಲ್ಲಿ ಹರಿದಿದ್ದರೆ ಹೊಲಿಗೆ, ಇಲ್ಲವಾದರೆ ಹರಿದಷ್ಟನ್ನೇ ಸವರುವುದು. ಮರಳಿ ಆಡಿಸುವುದೂ ಕ್ಯಾಲೆಂಡರ್ ನೋಡಿ ಅಲ್ಲ. ಊತ ಇರಕೂಡದು, ಕಾಲು ಪೂರ್ತಿ ನೆಟ್ಟಗಾಗಬೇಕು, ಕ್ವಾಡ್ರಿಸೆಪ್ಸ್ (ತೊಡೆಯ ಮುಂಭಾಗದ ಸ್ನಾಯು) ಬಲ ಇನ್ನೊಂದು ಕಾಲಿನ 90 ಶೇಕಡಾ ಮುಟ್ಟಬೇಕು, ಒಂಟಿಕಾಲಿನ ಜಿಗಿತದಲ್ಲೂ ಹಾಗೆಯೇ. ಓರ್ ಕಾಲದಲ್ಲಿ ‘ನೋವು ತಡೆದುಕೊಳ್ಳಬಲ್ಲೆಯಾ?’ ಎಂಬುದೇ ಪರೀಕ್ಷೆ.

1975-76ರಲ್ಲಿ ಆಡಿದ್ದು ಹತ್ತೇ ಪಂದ್ಯ. 1976ರ ಸೆಪ್ಟೆಂಬರಿನ ಕೆನಡಾ ಕಪ್‌ನಲ್ಲಿ ಕುಂಟುತ್ತಲೇ ಏಳು ಪಂದ್ಯಗಳಲ್ಲಿ 9 ಅಂಕ ಗಳಿಸಿ ಟೂರ್ನಿಯ ಶ್ರೇಷ್ಠ ಆಟಗಾರರಾದರು. ಆ ಮಂಡಿಯಲ್ಲಿ ಉಳಿದಿದ್ದ ಶಕ್ತಿಯೆಲ್ಲ ಅಲ್ಲಿಗೆ ಮುಗಿಯಿತು ಅನ್ನಬೇಕು. ನಂತರ ಶಿಕಾಗೊ ಪರ ಆಡಿದ್ದು ಮೂರು ಸೀಸನ್‌ಗಳ ಅವಧಿಯಲ್ಲಿ 26 ಪಂದ್ಯ. ನಡುವಿನ 1977-78 ಪೂರ್ತಿ ಹೊರಗೆ. 1978ರ ನವೆಂಬರಿನಲ್ಲಿ ನಿವೃತ್ತಿ.

ಪ್ರಶ್ನೆ: ಹಳೆಯ ವಿಡಿಯೊಗಳಲ್ಲಿ ಹೆಲ್ಮೆಟ್ ಕಾಣುವುದಿಲ್ಲವಲ್ಲ? (ಓದುಗರು, ಹಾಸನ)

ಕಡ್ಡಾಯವಿರಲಿಲ್ಲ. 1968ರ ಜನವರಿಯಲ್ಲಿ ಮಿನ್ನೆಸೋಟದ ಬಿಲ್ ಮಾಸ್ಟರ್‌ಟನ್ ತಲೆಗೆ ಪೆಟ್ಟುಬಿದ್ದು ತೀರಿಕೊಂಡ ಮೇಲೂ ಕಡ್ಡಾಯವಾಗಲು ಇನ್ನೂ ಹನ್ನೊಂದು ವರ್ಷ ಹಿಡಿಯಿತು. 1979ರ ನಿಯಮವೂ ಹೊಸಬರಿಗೆ ಮಾತ್ರ. ಹಳಬರು ಬರಿತಲೆಯಲ್ಲೇ ಆಡಿದರು. ಅವರಲ್ಲಿ ಕೊನೆಯವರಾದ ಕ್ರೇಗ್ ಮ್ಯಾಕ್‌ಟಾವಿಶ್ ನಿವೃತ್ತರಾದದ್ದು 1997ರಲ್ಲಿ.

ಪ್ರಶ್ನೆ: ಓರ್ ಅವರನ್ನು ಅವರ ಏಜೆಂಟೇ ಮುಳುಗಿಸಿದ ಎಂದು ಓದಿದೆ. ನನ್ನ ತಮ್ಮನೂ ಒಂದು ಲೀಗಿಗೆ ಆಯ್ಕೆಯಾಗಿದ್ದಾನೆ, ‘ಎಲ್ಲ ನಾನು ನೋಡಿಕೊಳ್ಳುತ್ತೇನೆ’ ಎನ್ನುವ ಮ್ಯಾನೇಜರ್ ಒಬ್ಬರು ಬಂದಿದ್ದಾರೆ. ಏನು ನೋಡಿಕೊಳ್ಳಬೇಕು ಸರ್? (ಓದುಗರು, ಹುಬ್ಬಳ್ಳಿ)

ನೀವು ಓದಿದ್ದು ನಿಜ. ಟೊರೊಂಟೊದ ವಕೀಲ ಅಲನ್ ಈಗಲ್‌ಸನ್ ಓರ್ ಅವರ ಏಜೆಂಟ್. 1967ರಿಂದ ಅವರೇ ಆಟಗಾರರ ಸಂಘದ ಮುಖ್ಯಸ್ಥರೂ ಹೌದು. ತಂಡದ ಮಾಲೀಕರೊಂದಿಗೆ ಗೆಳೆತನ ಬೇರೆ. ಆಟಗಾರನ ಪರ ಚೌಕಾಸಿ ಮಾಡುವವನು, ಎಲ್ಲ ಆಟಗಾರರ ಪರ ಮಾತಾಡುವವನು, ಮಾಲೀಕರ ಜೊತೆ ಊಟಕ್ಕೆ ಕೂರುವವನು ಮೂವರೂ ಒಬ್ಬನೇ ಆದಾಗ ಏನಾಗಬೇಕೋ ಅದೇ ಆಯಿತು. 1976ರಲ್ಲಿ ಕರಾರು ಮುಗಿದಾಗ ಬಾಸ್ಟನ್ ತಂಡವು ಓರ್‌ಗೆ ತಂಡದ ಮಾಲೀಕತ್ವದಲ್ಲೇ 18.5 ಶೇಕಡಾ ಪಾಲು ಕೊಡಲು ಮುಂದಾಗಿತ್ತು. ಈ ಮಾತು ಓರ್ ಕಿವಿಗೆ ತಲುಪಲಿಲ್ಲ. ಬಾಸ್ಟನ್‌ಗೆ ತಾನು ಬೇಡವಾದೆ ಎಂದು ತಿಳಿದು ಶಿಕಾಗೊಗೆ ಹೋದರು. ಆಡಲಾಗದಿದ್ದಾಗ ಸಂಬಳವನ್ನೂ ತೆಗೆದುಕೊಳ್ಳದ ಮನುಷ್ಯ ಅವರು. 1980ರಲ್ಲಿ ಏಜೆಂಟನ ನಂಟು ಕಡಿದುಕೊಂಡು ಲೆಕ್ಕ ತೆಗೆಸಿದರೆ, ಇದ್ದ ಆಸ್ತಿಗಿಂತ ಕೊಡಬೇಕಾದ ತೆರಿಗೆ ಮತ್ತು ಬಾಕಿಯೇ ಹೆಚ್ಚಿತ್ತು.

ಮ್ಯಾಸಚೂಸೆಟ್ಸ್‌ನ ಸಣ್ಣ ಪತ್ರಿಕೆಯೊಂದರ ಕ್ರೀಡಾ ಸಂಪಾದಕ ರಸ್ ಕಾನ್ವೇ 1991ರಿಂದ ಬರೆದ ವರದಿಗಳು ಉಳಿದ ಹಗರಣಗಳನ್ನೂ ಬಯಲಿಗೆಳೆದವು. 1998ರಲ್ಲಿ ಈಗಲ್‌ಸನ್ ವಂಚನೆಯ ತಪ್ಪೊಪ್ಪಿಕೊಂಡರು; 18 ತಿಂಗಳ ಶಿಕ್ಷೆಯಾಗಿ ಆರು ತಿಂಗಳು ಜೈಲಿನಲ್ಲಿದ್ದರು. ಅವರು ಹಾಲ್ ಆಫ್ ಫೇಮ್‌ನಲ್ಲಿ (ಹಾಕಿ ದಿಗ್ಗಜರ ಗೌರವ ಪಟ್ಟಿ) ಉಳಿದರೆ ತಾವು ಹೊರಹೋಗುವುದಾಗಿ ಓರ್ ಮತ್ತಿತರ ಆಟಗಾರರು ಪಟ್ಟು ಹಿಡಿದಾಗ ಈಗಲ್‌ಸನ್ ಅಲ್ಲಿಂದಲೂ ರಾಜೀನಾಮೆ ಕೊಟ್ಟರು.

ನಿಮ್ಮ ತಮ್ಮನ ವಿಷಯ. ‘ಎಲ್ಲ ನಾನು ನೋಡಿಕೊಳ್ಳುತ್ತೇನೆ’ ಎನ್ನುವವರ ಕೈಗೆ ಎಲ್ಲವನ್ನೂ ಕೊಡಬೇಡಿ, ಅಷ್ಟೇ. ಸಾರಾಸಗಟಾಗಿ ಜನರಲ್ ಪವರ್ ಆಫ್ ಅಟಾರ್ನಿ ಬರೆದುಕೊಡಕೂಡದು. ಬೇಕಾದರೆ ಇಂಥ ಕೆಲಸಕ್ಕೆ, ಇಷ್ಟು ತಿಂಗಳಿಗೆ ಎಂದು ಸೀಮಿತವಾದದ್ದು ಸಾಕು. ಬಂದ ಪ್ರತಿ ಆಫರ್, ತಿರಸ್ಕರಿಸಿದ್ದೂ ಸೇರಿ, ಆಟಗಾರನ ಸ್ವಂತ ಇಮೇಲ್‌ಗೆ ಪ್ರತಿ ಬರಬೇಕೆಂದು ಕರಾರಿನಲ್ಲೇ ಬರೆಸಿ. ಓರ್ ವಿಷಯದಲ್ಲಿ ಈ ಒಂದೇ ಸಾಲು ಇದ್ದಿದ್ದರೆ 18.5 ಶೇಕಡಾ ಕೈತಪ್ಪುತ್ತಿರಲಿಲ್ಲ. ಫ್ರಾಂಚೈಸಿಯ ಹಣ ನೇರ ತಮ್ಮನ ಖಾತೆಗೆ ಬರಲಿ, ಕಮಿಷನ್ ಅಲ್ಲಿಂದ ಹೋಗಲಿ, ಉಲ್ಟಾ ಅಲ್ಲ. ಕಮಿಷನ್ ಎಷ್ಟು ಶೇಕಡಾ, ಯಾವುದರ ಮೇಲೆ (ಆಟದ ಸಂಭಾವನೆಯೋ, ಜಾಹೀರಾತೋ, ಎರಡೂವೋ), ಸಂಬಂಧ ಮುರಿದ ಮೇಲೂ ಎಷ್ಟು ಕಾಲ ಎಂಬುದು ಅಕ್ಷರದಲ್ಲಿರಲಿ. ಲೆಕ್ಕ ನೋಡುವ ಸಿಎ ಮ್ಯಾನೇಜರ್ ಕಡೆಯವರಾಗಿರಬಾರದು. ತೆರಿಗೆ ಕಟ್ಟಿದ್ದೇವೆ ಎಂಬ ಬಾಯಿಮಾತು ನಂಬದೆ, ಆದಾಯ ತೆರಿಗೆ ಪೋರ್ಟಲ್‌ಗೆ ತಮ್ಮನೇ ತನ್ನ ಪ್ಯಾನ್ ನಂಬರಿನಿಂದ ಲಾಗಿನ್ ಆಗಿ ಕಡಿತವಾದ ಟಿಡಿಎಸ್ ಜಮೆಯಾಗಿದೆಯೇ ಎಂದು ನೋಡಲಿ. ಪಾಸ್‌ವರ್ಡ್ ಅವನ ಬಳಿಯೇ ಇರಲಿ.

ಇಷ್ಟು ಕೇಳಿದ್ದಕ್ಕೆ ಮ್ಯಾನೇಜರ್ ಮುನಿಸಿಕೊಂಡರೆ ಒಳ್ಳೆಯದೇ ಆಯಿತು, ಬೇರೆಯವರನ್ನು ಹುಡುಕಿ.

ಪ್ರಶ್ನೆ: ಮಗಳು ರೋಲರ್ ಸ್ಕೇಟಿಂಗ್ ಮಾಡುತ್ತಾಳೆ. ಓರ್ ಸಾಕ್ಸ್ ಇಲ್ಲದೆ ಸ್ಕೇಟ್ಸ್ ಹಾಕುತ್ತಿದ್ದರೆಂದು ಹೇಳಿ ತಾನೂ ಹಾಗೇ ಹಾಕುತ್ತೇನೆ ಎನ್ನುತ್ತಾಳೆ. ಬಿಡಬಹುದೇ? (ಓದುಗರು, ಬೆಳಗಾವಿ)

ಬಿಡಬೇಡಿ. ಓರ್ ಬರಿಗಾಲಲ್ಲಿ ಹಾಕುತ್ತಿದ್ದದ್ದು ನಿಜ. ಸ್ಟಿಕ್ಕಿನ ಬ್ಲೇಡಿಗೂ ಒಂದೇ ಸುತ್ತು ಟೇಪ್, ಕಡೆಕಡೆಗೆ ಅದೂ ಇಲ್ಲ. ಪಾದ ಮತ್ತು ಬೂಟಿನ ನಡುವೆ ಏನೂ ಇಲ್ಲದಿದ್ದರೆ ಹಿಡಿತ ಹೆಚ್ಚು. ಆದರೆ ಅದು ಪಾದದ ಆಕಾರಕ್ಕೆ ಒಗ್ಗಿದ ಬೂಟಿದ್ದವರಿಗೆ. ಬೆಳೆಯುವ ಮಕ್ಕಳಿಗೆ ಅರ್ಧ ಸೈಜ್ ದೊಡ್ಡದನ್ನೇ ಕೊಡಿಸಿರುತ್ತೇವೆ. ಸಾಕ್ಸ್ ಇಲ್ಲದಿದ್ದರೆ ಹಿಮ್ಮಡಿ ಉಜ್ಜಿ ಬೊಬ್ಬೆ, ಬೆವರಿಗೆ ವಾಸನೆ. ತೆಳುವಾದ, ಹೊಲಿಗೆ ಉಬ್ಬಿಲ್ಲದ ಒಂದೇ ಜೊತೆ ಸಾಕ್ಸ್ ಹಾಕಿಸಿ. ಎರಡು ಜೊತೆ ಹಾಕಿದರಷ್ಟೇ ಬೂಟ್ ಬಿಗಿಯಾಗುತ್ತದೆ ಎಂದಾದರೆ ಆ ಬೂಟ್ ದೊಡ್ಡದು.

ಮುಂದೊಂದು ದಿನ ಐಸ್ ಸ್ಕೇಟ್ಸ್ ಕೊಳ್ಳುವುದಾದರೆ, ಹಾಕಿ ಸ್ಕೇಟಿನ ಸೈಜ್ ಸಾಮಾನ್ಯವಾಗಿ ಓಡಾಡುವ ಶೂಗಿಂತ ಒಂದು, ಒಂದೂವರೆ ಕಡಿಮೆ. ಹಿಮ್ಮಡಿ ಒತ್ತಿ ಕೂತಾಗ ಬೆರಳು ತುದಿಗೆ ಮುಟ್ಟಿಯೂ ಮುಟ್ಟದಂತಿರಬೇಕು. ಬ್ಲೇಡಿನ ಅಡಿಯಲ್ಲಿ ಉದ್ದಕ್ಕೂ ಗುಳಿ ಇರುತ್ತದೆ. ಅರ್ಧ ಇಂಚು ತ್ರಿಜ್ಯದ ಸಾಣೆ ಕಲಿಯುವವರಿಗೆ ಸರಿ. ತ್ರಿಜ್ಯ ಚಿಕ್ಕದಾದಷ್ಟೂ ಗುಳಿ ಆಳ, ಕಚ್ಚುವುದು ಜಾಸ್ತಿ, ಜಾರುವುದು ಕಡಿಮೆ. ರೋಲರಿನಿಂದ ಬಂದವರು ತಡವರಿಸುವುದು ನಿಲ್ಲಿಸುವಲ್ಲಿ. ಎರಡೂ ಬ್ಲೇಡುಗಳನ್ನು ಥಟ್ಟನೆ ಅಡ್ಡ ತಿರುಗಿಸಿ ಮಂಜನ್ನು ಹೆರೆಯುವ ಹಾಕಿ ಸ್ಟಾಪ್ ಚಕ್ರದ ಮೇಲೆ ಬರುವುದಿಲ್ಲ, ಅದನ್ನು ಹೊಸದಾಗಿಯೇ ಕಲಿಯಬೇಕು.

ಪ್ರಶ್ನೆ: ಇಲ್ಲಿ ಪಕ್ಕದ ಮನೆಯ ಅಜ್ಜ ‘ಗ್ರೆಟ್ಜ್‌ಕಿಗಿಂತ ಓರ್ ದೊಡ್ಡವರು’ ಎಂದು ವಾದಿಸುತ್ತಾರೆ. ನಿಮ್ಮ ತೀರ್ಪೇನು? ನಿವೃತ್ತಿಯ ಮೇಲೆ ಓರ್ ಏನು ಮಾಡಿದರು? (ಕನ್ನಡಿಗರೊಬ್ಬರು, ಮಿಸಿಸಾಗಾ, ಕೆನಡಾ)

ಅಜ್ಜನ ಜೊತೆ ವಾದಕ್ಕಿಳಿಯಬೇಡಿ, ಅವರು ಕಣ್ಣಾರೆ ಕಂಡವರು. ಓರ್ ನಂತರದ ಪೀಳಿಗೆಯ ಫಾರ್ವರ್ಡ್ ವೇಯ್ನ್ ಗ್ರೆಟ್ಜ್‌ಕಿ 894 ಗೋಲು ಹೊಡೆದವರು. ಓರ್ ಇಡೀ ವೃತ್ತಿಯಲ್ಲಿ 657 ಪಂದ್ಯ, 270 ಗೋಲು, 645 ಅಸಿಸ್ಟ್, 915 ಅಂಕ. ಒಟ್ಟು ಮೊತ್ತದಲ್ಲಿ ಹೋಲಿಕೆಯೇ ಇಲ್ಲ. ಆದರೆ ಒಂದೇ ಸೀಸನ್ನಿನಲ್ಲಿ ಅತ್ಯುತ್ತಮ ಡಿಫೆಂಡರ್, ಅತಿ ಹೆಚ್ಚು ಅಂಕ, ಲೀಗಿನ ಶ್ರೇಷ್ಠ ಆಟಗಾರ, ಪ್ಲೇಆಫ್‌ನ ಶ್ರೇಷ್ಠ ಆಟಗಾರ ಈ ನಾಲ್ಕನ್ನೂ ಗೆದ್ದವರು 1970ರ ಓರ್ ಒಬ್ಬರೇ. ರಿಂಕಿನ ಎರಡೂ ತುದಿಯಲ್ಲಿ ಪಂದ್ಯವನ್ನು ಹಿಡಿತದಲ್ಲಿಟ್ಟವರು ಯಾರು ಎಂದು ಕೇಳಿದರೆ ನಮ್ಮ ಮತ ಓರ್‌ಗೆ.

ನಿವೃತ್ತರಾದ ಮರುವರ್ಷವೇ, ಅಂದರೆ 1979ರಲ್ಲಿ, ಕಾಯುವ ಅವಧಿಯನ್ನು ಬಿಟ್ಟುಕೊಟ್ಟು 31ನೇ ವಯಸ್ಸಿಗೆ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡರು. ಆ ಜನವರಿ 9ರಂದು ಬಾಸ್ಟನ್ ಅವರ 4ನೇ ನಂಬರಿನ ಜೆರ್ಸಿಯನ್ನು ಶಾಶ್ವತವಾಗಿ ನಿವೃತ್ತಿಗೊಳಿಸಿತು. ಜಾಹೀರಾತು ಮತ್ತಿತರ ಕೆಲಸಗಳಿಂದ ಸಾಲ ತೀರಿಸಿಕೊಂಡು, 1990ರ ದಶಕದಲ್ಲಿ ಸ್ವತಃ ಆಟಗಾರರ ಏಜೆಂಟ್ ಆದರು. ನಿಮ್ಮ ಮಕ್ಕಳಿಗೆ ಗೊತ್ತಿರುವ ಕಾನರ್ ಮೆಕ್‌ಡೇವಿಡ್ ಅವರನ್ನು ಪ್ರತಿನಿಧಿಸಿದ್ದು ಓರ್ ಅವರ ಸಂಸ್ಥೆಯೇ. 2010ರ ವ್ಯಾಂಕೂವರ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಧ್ವಜ ಹೊತ್ತವರಲ್ಲಿ ಅವರೂ ಒಬ್ಬರು.

ಮಕ್ಕಳಿಗೆ ತೋರಿಸುವುದಾದರೆ ಟೊರೊಂಟೊ ಪೇಟೆಯ ಯಂಗ್ ಮತ್ತು ಫ್ರಂಟ್ ರಸ್ತೆಗಳ ಮೂಲೆಯಲ್ಲಿರುವ ಹಾಕಿ ಹಾಲ್ ಆಫ್ ಫೇಮ್ ನಿಮಗೆ ಹತ್ತಿರ. ಪ್ಯಾರಿ ಸೌಂಡ್‌ನ ಸ್ಟಾಕಿ ಸೆಂಟರ್ ಕಟ್ಟಡದಲ್ಲಿ ಓರ್ ಅವರದೇ ಹೆಸರಿನ ಸಂಗ್ರಹಾಲಯವಿದೆ. ಹೈವೇ 400 ಹಿಡಿದು ಉತ್ತರಕ್ಕೆ ಸುಮಾರು 225 ಕಿಲೋಮೀಟರ್. ಚಳಿಗಾಲದಲ್ಲಾದರೆ ಆ ರಸ್ತೆಯಲ್ಲಿ ಹಿಮ ಜೋರು, ಹೊರಡುವ ಮುನ್ನ ಹವಾಮಾನವನ್ನೂ ಅದು ತೆರೆದಿರುವ ವೇಳೆಯನ್ನೂ ನೋಡಿಕೊಳ್ಳಿ. ಅಜ್ಜನನ್ನೂ ಕರೆದುಕೊಂಡು ಹೋದರೆ ಗೈಡ್ ಬೇಕಾಗುವುದಿಲ್ಲ.